ಇವತ್ತಿನ ಅಳತೆ

ನೋವನ್ನು ಓಡಿಸುವವರಿಗೆ ಸಲ್ಲುವ ಮಾನ, ಓಡದೆ ಉಳಿದ ನೋವಿನ ಪಕ್ಕದಲ್ಲಿ ಕೂರುವವರಿಗೆ ಅಷ್ಟಾಗಿ ಸಲ್ಲುವುದಿಲ್ಲ. ನಮ್ಮ ಆಸ್ಪತ್ರೆಯ ನೋವು ಚಿಕಿತ್ಸಾ ವಿಭಾಗದಲ್ಲಿ ತಮ್ಮ ಸೇವಾವಧಿಯನ್ನೆಲ್ಲ ಈ ಎರಡನೆಯ ಕೆಲಸಕ್ಕೇ ಮುಡಿಪಾಗಿಟ್ಟು ಈಗ ನಿವೃತ್ತರಾಗಿರುವ ಹಿರಿಯ ಆಪ್ತಸಮಾಲೋಚಕಿಯವರನ್ನು ರೋಗಿಗಳು ಪ್ರೀತಿಯಿಂದ ಕರೆಯುವುದು ‘ದಿಂಬಿನ ಮೇಡಂ’ ಎಂದು. ಅವರ ಕೋಣೆಯಲ್ಲಿ ಕಡತಗಳಿಗಿಂತ ದಿಂಬುಗಳೇ ಹೆಚ್ಚಿದ್ದವು. ಕೂರಲಾಗದವರು ಒರಗಬಹುದಿತ್ತು, ಒರಗಲಾಗದವರು ಮಲಗಿಯೇ ಮಾತಾಡಬಹುದಿತ್ತು.

ಅವರು ಸೇವೆಗೆ ಸೇರಿದ ಕಾಲಕ್ಕೆ ಫೈಬ್ರೊಮಯಾಲ್ಜಿಯಾ ಎಂಬ ಹೆಸರಿಗೇ ಅನೇಕರ ನಾಲಿಗೆ ಹೊರಳುತ್ತಿರಲಿಲ್ಲ. ಮೈಯೆಲ್ಲ ನೋವು, ಮಲಗಿ ಎದ್ದರೂ ಹೋಗದ ದಣಿವು. ಪರೀಕ್ಷೆ ಮಾಡಿಸಿದರೆ ಎಲ್ಲವೂ ನಾರ್ಮಲ್. ಹೀಗೆ ಬಂದ ಹೆಂಗಸರಿಗೆ ಮನೆಯಲ್ಲಿ ‘ನಾಟಕ’ ಎಂಬ ಬಿರುದು, ಆಸ್ಪತ್ರೆಯಲ್ಲಿ ‘ಟೆನ್ಷನ್’ ಎಂಬ ಬಿರುದು. ಮೇಡಂ ಮಾತ್ರ, “ನೋವಿದೆ ಅಂದ್ರಲ್ಲ, ನಂಬ್ತೀನಿ. ಮುಂದೆ ಹೇಳಿ” ಎನ್ನುತ್ತಿದ್ದರು. ಅಷ್ಟಕ್ಕೇ ಬಿಕ್ಕಿ ಬಿಕ್ಕಿ ಅತ್ತವರೆಷ್ಟೋ ಮಂದಿ.

ಅಂಥ ಮೇಡಂ ಅವರ ಮಾತೇ ತಿರುಗುಬಾಣವಾದ ಪ್ರಸಂಗವೂ ಒಂದುಂಟು. ಅಭಿನಂದನೆಯ ನೆಪದಲ್ಲಿ ಅದನ್ನು ಮುಚ್ಚಿಟ್ಟರೆ ಅವರೇ ನಮ್ಮ ಕಿವಿ ಹಿಂಡಿಯಾರು.

ಆಸ್ಪತ್ರೆಯ ಹಿಂದಿನ ಬೀದಿಯ ಟೈಲರಮ್ಮನಿಗೂ ಇದೇ ಕಾಯಿಲೆ; ಹೊಲಿಗೆಯೆಂದರೆ ಜೀವ. ಮೈ ಕೊಂಚ ಹಗುರಾದ ದಿನ ಮೈಮೇಲೆ ಬಂದವರ ಹಾಗೆ ಬಾಕಿಯಿದ್ದುದನ್ನೆಲ್ಲ ಹೊಲಿದು, ಮನೆಯ ಪರದೆಗಳನ್ನೂ ಒಗೆದು, ಆಮೇಲೆ ವಾರಗಟ್ಟಲೆ ಹಾಸಿಗೆ ಹಿಡಿಯುತ್ತಿದ್ದರು. ಗಿರಾಕಿಗಳು ಒಬ್ಬೊಬ್ಬರಾಗಿ ಜಾರಿದರು. “ನೋವು ಪೂರ್ತಿ ಹೋಗ್ಲಿ, ಆಮೇಲೆ ತೆಗೀತೀನಿ” ಎಂದು ಅಂಗಡಿಗೆ ಬೀಗ ಹಾಕಿದರು. ಗಂಡ ಮೆಷಿನ್ ಮಾರುವ ಮಾತೆತ್ತಿದಾಗ ಮೇಡಂ ಬಳಿ ಓಡಿಬಂದರು.

“ನೋವನ್ನ ಸ್ವಲ್ಪ ಒಪ್ಕೊಂಡು ನೋಡೋಣ್ವಾ?” ಅಂದರು ಮೇಡಂ, ಮೆತ್ತಗೆ.

ಟೈಲರಮ್ಮ ದಿಂಬನ್ನು ಪಕ್ಕಕ್ಕೆಸೆದು ಎದ್ದೇಬಿಟ್ಟರು. “ಅನುಭವಿಸು ಅಂತ ಹೇಳೋಕೆ ಮನೇಲಿ ಅತ್ತೆ ಇದ್ದಾರೆ. ಅದಕ್ಕೆ ನಿಮ್ಮ ಹತ್ರ ಯಾಕೆ ಬರ್ಬೇಕು?”

ಮೇಡಂ ವಾದಕ್ಕಿಳಿಯಲಿಲ್ಲ. ಕೆಲವು ದಿನ ಬಿಟ್ಟು ತಾವೇ ಫೋನ್ ಮಾಡಿ, ಮಾತು ಸರಿಯಿರಲಿಲ್ಲವೆಂದು ಹೇಳಿ, ಕರೆಸಿಕೊಂಡರು. “ಒಂದು ವಿಷಯ ಹೇಳಿ. ಕೋಟು ಹೊಲಿಯೋಕೆ ಅಂತ ತಂದ ಬಟ್ಟೆ ಕಮ್ಮಿ ಬಿದ್ರೆ ಏನು ಮಾಡ್ತೀರಾ?”

“ಮೊದ್ಲು ಅಳತೆ ಹಿಡೀತೀನಿ. ಇರೋದ್ರಲ್ಲಿ ಏನಾಗುತ್ತೆ ನೋಡ್ಕೊಂಡು ಕತ್ತರಿ ಹಾಕ್ತೀನಿ.”

“ಬಟ್ಟೆ ಮುಂದೆ ಸೋತ ಹಾಗಾಯ್ತಾ?”

“ಸೋಲೇನು ಬಂತು? ಅದೇ ಅಲ್ವಾ ಕಸುಬು!” ಎಂದವರಿಗೆ ತಮ್ಮ ಮಾತು ತಮಗೇ ತಾಕಿತು. ಆಮೇಲೆ ನಕ್ಕರು, ಅತ್ತರು, ದಿಂಬನ್ನು ಮತ್ತೆ ಮಡಿಲಿಗೆಳೆದುಕೊಂಡರು.

ಅಂದಿನಿಂದ ಆ ಕೋಣೆಯಲ್ಲಿ ‘ಒಪ್ಪಿಕೊಳ್ಳಿ’ ಎಂಬ ಮಾತೇ ಇಲ್ಲ. “ಇವತ್ತಿನ ಅಳತೆ ಎಷ್ಟು?” ಎಂಬುದೇ ಅಲ್ಲಿನ ಕುಶಲಪ್ರಶ್ನೆ. ನನ್ನಿಂದ ಇಷ್ಟೇ ಆಗುತ್ತದೆ ಎಂದು ಮನೆಯವರೆದುರು ನಾಚದೆ ಹೇಳುವುದನ್ನೂ, ಹಗುರಾದ ದಿನ ಹುಮ್ಮಸ್ಸಿಗೆ ಕಡಿವಾಣ ಹಾಕುವುದನ್ನೂ, ನೋವು ಇರುವಾಗಲೇ ಇಷ್ಟದ ಕೆಲಸಕ್ಕೆ ಕೂರುವುದನ್ನೂ ಮೇಡಂ ತಾಳ್ಮೆಯಿಂದ ಕಲಿಸಿದರು. ಟೈಲರಮ್ಮನ ನೋವು ಹೋಗಲಿಲ್ಲ. ಅಂಗಡಿ ಮಾತ್ರ ತೆರೆಯಿತು, ದಿನಕ್ಕೆ ಅರ್ಧ ಹೊತ್ತು. ಅತ್ತೆಯೂ ಗೊಣಗುತ್ತಲೇ ಗುಂಡಿ ಹೊಲಿಯಲು ಬಂದು ಕೂತರಂತೆ.

ಬೀಳ್ಕೊಡುಗೆಯ ದಿನ ಟೈಲರಮ್ಮ ಮೇಡಂಗೆಂದು ಕೋಟು ಹೊಲಿದು ತಂದರು. ಬಿಚ್ಚಿ ನೋಡಿದರೆ ಒಂದೇ ತೋಳು! ಸಭೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಹಿಂದಿನ ಟೈಲರಮ್ಮನಾಗಿದ್ದರೆ ನಿದ್ದೆಗೆಟ್ಟು ಮುಗಿಸಿ, ಸಭೆಗೇ ಬರಲಾಗದೆ ಮಲಗಿರುತ್ತಿದ್ದರು.

“ಇವತ್ತಿನ ಅಳತೆ ಇಷ್ಟೇ, ಮೇಡಂ” ಎಂದರು, ತಲೆ ತಗ್ಗಿಸದೆ.

ಮೇಡಂ ಕಣ್ಣೊರೆಸಿಕೊಂಡು, ಆ ಒಂಟಿ ತೋಳಿನ ಕೋಟನ್ನೇ ತೊಟ್ಟು ಭಾಷಣ ಮಾಡಿದರು.

ಇನ್ನೊಂದು ತೋಳಿಗಾಗಿ ಅವರು ಆ ಅಂಗಡಿಯ ಮೆಟ್ಟಿಲು ಹತ್ತಲೇಬೇಕು. ಟೈಲರಮ್ಮನಿಗೆ ಅವಸರವಿಲ್ಲ, ನಮಗೂ ಇಲ್ಲ. ಮೇಡಂ ಆರೋಗ್ಯದಿಂದ ನೂರು ಕಾಲ ಬಾಳಲಿ. ಅವರಿಗಾಗಿ ಎಲ್ಲೋ ಒಂದು ತೋಳು ಸದಾ ಬಾಕಿ ಇರಲಿ.