ನಲವತ್ತು ಸೆಕೆಂಡಿನಲ್ಲಿ ಹಿಡಿಸದ ಮಾತು

ಭಾನುವಾರ ಬೆಳಿಗ್ಗೆ ಗುಲಾಬತ್ತೆಯ ಫೋನ್. ಹೊಳೆ ಹತ್ತಿರ ಬಾ ಅಂದರು, ಇಟ್ಟೇ ಬಿಟ್ಟರು.

ಗುಲಾಬತ್ತೆ ನನ್ನ ಅಪ್ಪನ ತಂಗಿ. ಮೂವತ್ತು ವರ್ಷದಿಂದ ನಮ್ಮೂರ ಹೊಳೆಯಲ್ಲಿ ಮಳಿ ಹೆಕ್ಕಿ ಮಾರುತ್ತಾರೆ. ಮಳಿ ಅಂದರೆ ಕಪ್ಪೆಚಿಪ್ಪು, ಸುಕ್ಕ ಮಾಡಿದರೆ ಎರಡು ತುತ್ತು ಜಾಸ್ತಿ ಹೋಗುತ್ತದಲ್ಲ, ಅದೇ.

ಹೋಗಿ ನೋಡಿದರೆ ದಡದ ತುಂಬಾ ಬೈಕು. ಬ್ರಹ್ಮಾವರದಿಂದ, ಬೈಂದೂರಿನಿಂದ ಬಂದವರು... ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಕೆಟ್ಟಿಗೆ ಬಾಚುತ್ತಿದ್ದಾರೆ. ದೊಡ್ಡದು, ಸಣ್ಣದು, ಉಗುರಿನಷ್ಟಿರುವುದು, ಎಲ್ಲವೂ.

ಇವರನ್ನು ಕರೆದದ್ದು ನಾನೇ.

ನನ್ನದೊಂದು ಚಾನೆಲ್ ಇದೆ, ನಿಮಗೆ ಗೊತ್ತು. ನೋಡಿ ನೋಡಿ ಅಂತ ನಿಮ್ಮೆಲ್ಲರ ತಲೆ ತಿಂದಿದ್ದೇನೆ. ಅತ್ತೆಯ ಕೆಲಸದ ಬಗ್ಗೆ ಇಪ್ಪತ್ತೆರಡು ನಿಮಿಷದ ವಿಡಿಯೋ ಮಾಡಿದ್ದೆ, ಮೂರು ವಾರದ ಶ್ರಮ. ನೋಡಿದವರು ಹೆಚ್ಚಾಗಿ ಮುಂಬೈಯಲ್ಲಿರುವ ನಮ್ಮ ನೆಂಟರು, ಅವರೂ ಅರ್ಧಕ್ಕೇ ಬಿಟ್ಟವರು.

ಶಾರ್ಟ್ಸ್ ಹಾಕು, ಅದನ್ನು ನೋಡಿದವರು ಉದ್ದದ್ದಕ್ಕೆ ಬರುತ್ತಾರೆ ಅಂತ ಎಲ್ಲರೂ ಹೇಳಿದರು. ಸರಿ, ನಲವತ್ತು ಸೆಕೆಂಡು ಕತ್ತರಿಸಿದೆ.

ಅತ್ತೆ ಕಾಲಿನಲ್ಲೇ ತಡಕಿ, ಮುಳುಗಿ, ಎರಡೂ ಕೈ ತುಂಬ ಮಳಿ ಎತ್ತಿ ನಗುವುದು. ಮೇಲೆ ಜಾಗದ ಹೆಸರು, ದಪ್ಪ ಅಕ್ಷರದಲ್ಲಿ. ಈಗ ಇಲ್ಲಿ ಬರೆಯುವುದಿಲ್ಲ, ಅಷ್ಟು ಬುದ್ಧಿ ಬಂದಿದೆ.

ಓಡಿತು ನೋಡಿ... ಲಕ್ಷ ದಾಟಿತು. ಉದ್ದದ್ದಕ್ಕೂ ಜನ ಬರತೊಡಗಿದರು. ಊಟ ಮಾಡುವಾಗಲೂ ಎಡಗೈಯಲ್ಲಿ ರಿಫ್ರೆಶ್ ಒತ್ತುತ್ತಿದ್ದೆ.

ಉದ್ದದ ವಿಡಿಯೋದ ಹದಿನಾರನೇ ನಿಮಿಷದಲ್ಲಿ ಅತ್ತೆ ಬುಟ್ಟಿಯನ್ನು ನೀರಿನಲ್ಲಿ ಅಲ್ಲಾಡಿಸುತ್ತಾರೆ. ಸಣ್ಣವೆಲ್ಲ ಬುಟ್ಟಿಯ ಸಂದಿಯಿಂದ ಹೊಳೆಗೇ ಬೀಳುತ್ತವೆ. ಅವು ಬರುವ ವರ್ಷಕ್ಕೆ, ಮುಟ್ಟಬಾರದು ಅನ್ನುತ್ತಾರೆ.

ಶಾರ್ಟ್‌ನಲ್ಲಿ ಅದು ಸ್ಲೋ ಆಗುತ್ತದೆ ಅಂತ ಬಿಟ್ಟಿದ್ದೆ.

ನೀರಿಗಿಳಿದು ಒಬ್ಬನಿಗೆ, ಸಣ್ಣದನ್ನಾದರೂ ಬಿಡಿ ಅಂದೆ. ಅವನು ಮರ್ಯಾದೆಯಿಂದಲೇ ಫೋನ್ ತೆಗೆದು ನನ್ನದೇ ಶಾರ್ಟ್ ತೋರಿಸಿದ.

"ಇದ್ರಗೆ ಹಾಂಗೆಲ್ಲ ಹೇಳ್ಲಿಲ್ಲ ಅಕ್ಕ."

ಅದನ್ನು ಮಾಡಿದ್ದು ನಾನೇ ಅಂತ ಹೇಳಲು ಬಾಯಿ ಬರಲಿಲ್ಲ. ಹೇಡಿಯ ಹಾಗೆ ದಡಕ್ಕೆ ವಾಪಸ್ ಬಂದೆ.

ಅತ್ತೆ ಖಾಲಿ ಬುಟ್ಟಿ ಹಿಡಿದು ನಿಂತಿದ್ದರು. "ಸಣ್ಣದ್ ಬಿಡ್ಕ್ ಅಂದೇಳಿ ನಾ ಹೇಳಿದ್ನಲೆ ಹೆಣೆ, ಅದೆಲ್ ಹೋಯ್ತ್?"

ಬೈದದ್ದಲ್ಲ, ಬಿಡಬೇಕು ಅಂದ ಮಾತು ಎಲ್ಲಿ ಹೋಯಿತು ಅಂತ ನಿಜವಾಗಿಯೂ ಗೊತ್ತಾಗದೆ ಕೇಳಿದ್ದು. ಅದು ಉದ್ದದ್ದರಲ್ಲಿದೆ ಅಂದೆ. ಚಿಕ್ಕದನ್ನು ಎಷ್ಟು ಜನ ನೋಡಿದ್ದಾರೆ ಅಂತ ವಿಚಾರಿಸಿದರು. ಲಕ್ಷದ ಮೇಲೆ ಅಂದೆ... ಹೇಳುವಾಗ ಒಳಗೆಲ್ಲೋ ಒಂದು ಸಣ್ಣ ಹೆಮ್ಮೆ ಬೇರೆ, ನಾಚಿಕೆಗೇಡು.

ಅತ್ತೆ ಹೊಳೆಯ ಕಡೆ ನೋಡಿದರು.

"ಅಷ್ಟ್ ಜನ್ಕೆ ನಮ್ ಹೊಳಿ ಸಾಕಾತ್ತಾ?"

 

ಮನೆಗೆ ಬಂದು ಬುಟ್ಟಿ ಅಲ್ಲಾಡಿಸುವುದನ್ನೇ ಇನ್ನೊಂದು ಶಾರ್ಟ್ ಮಾಡಿ ಹಾಕಿದೆ. ಯಾರೂ ನಿಲ್ಲುತ್ತಿಲ್ಲ, ಮೂರನೇ ಸೆಕೆಂಡಿಗೇ ತಳ್ಳಿ ಹೋಗುತ್ತಾರೆ. ಹಳೆಯದು ಮಾತ್ರ ಓಡುತ್ತಲೇ ಇದೆ. ತೆಗೆದರೆ ಉದ್ದದ್ದಕ್ಕೆ ಬರುವ ಜನವೂ ನಿಲ್ಲುತ್ತದೆ, ಅದು ನನಗೆ ಚೆನ್ನಾಗಿ ಗೊತ್ತು.

ಅತ್ತೆ ಎರಡು ದಿನದಿಂದ ಹೊಳೆಗಿಳಿದಿಲ್ಲ.

ಡಿಲೀಟ್ ಒತ್ತಲೆಂದೇ ಫೋನ್ ತೆಗೆದವಳು, ಈ ಪೋಸ್ಟ್ ಬರೆಯುತ್ತಾ ಕೂತಿದ್ದೇನೆ... ನೀವಾದರೆ ಇಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಿರಾ?