ಚಲುವನಾರಾಯಣರ ಮಣ್ಣಿನ ಗೋಡೆ

ನನ್ನ ಹೆಸರು ಹರ್ಷವರ್ಧನ್. ಶಾಂತಿಗ್ರಾಮದ ಬೇಸಾಯಗಾರರ ಮನೆಯಲ್ಲಿ ಹುಟ್ಟಿ, ಕಂಪ್ಯೂಟರಿನಲ್ಲಿ ಗೆರೆ ಎಳೆಯುವ ಕೋರ್ಸು ಮುಗಿಸಿ, ಹಾಸನದ ಒಬ್ಬ ಎಂಜಿನಿಯರ್ ಆಫೀಸಿನಲ್ಲಿ ಹೆಚ್ಚಾಗಿ ಪ್ರಿಂಟರಿಗೆ ಕಾಗದ ತುಂಬುವ ಕೆಲಸ ಮಾಡುವವನಿಗೆ ಚಕ್ರವರ್ತಿಯ ಹೆಸರು ಹೆಚ್ಚೇ. ಅದನ್ನು ಮೊದಲ ದಿನವೇ ಕಂಡುಹಿಡಿದವರು ಚಲುವನಾರಾಯಣರು. "ಬನ್ನಿ ಚಕ್ರವರ್ತಿಗಳೇ, ಸಿಂಹಾಸನ ಅಲ್ಲಿದೆ" ಎಂದು ಅಲ್ಲಾಡುವ ಒಂದು ಸ್ಟೂಲು ತೋರಿಸಿದರು.

ಆ ಸ್ಟೂಲಿನ ಎದುರಿಗಿದ್ದ ಕಂಪ್ಯೂಟರು ಅವರ ಡ್ರಾಯಿಂಗ್ ಬೋರ್ಡನ್ನು ಎತ್ತಿಸಿ ಇಟ್ಟದ್ದು ಎಂಬುದು ನನಗೆ ಆಮೇಲೆ ತಿಳಿಯಿತು. ತಿಳಿದ ಮೇಲೂ ನಾನು ಅಲ್ಲಿಂದ ಏಳಲಿಲ್ಲ. ಸಂಬಳದವನಿಗೆ ನಾಚಿಕೆ ಬರುತ್ತದೆ, ಆದರೆ ಏಳುವಷ್ಟು ಬರುವುದಿಲ್ಲ.

ಚಲುವನಾರಾಯಣರು ಹೇಮಾವತಿ ದಡದ ಹೊಳೆನರಸೀಪುರದವರು, ಅಲ್ಲಿಂದಲೇ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಐವತ್ತು ದಾಟಿದ್ದರು. ತಂದೆ, ತಮ್ಮ ಎಲ್ಲರೂ ದೇವಸ್ಥಾನದ ಪೂಜೆಯವರು. ಇವರೊಬ್ಬರು ಮಾತ್ರ ಹುಡುಗರಾಗಿದ್ದಾಗಲೇ "ನಾನು ಗಂಟೆ ಹೊಡೆಯೋನಲ್ಲ, ಗೆರೆ ಎಳೆಯೋನು" ಎಂದು ಹೊರಬಿದ್ದು ಡ್ರಾಫ್ಟ್ಸ್‌ಮನ್ ಆದರು. ಟ್ರೇಸಿಂಗ್ ಕಾಗದದ ಮೇಲೆ ಇಂಕಿನ ಗೆರೆ ತಪ್ಪಿದರೆ ಅರ್ಧ ಬ್ಲೇಡಿನಿಂದ ಕೆರೆದು, ಉಗುರಿನಿಂದ ಉಜ್ಜಿ, ತಪ್ಪೇ ಆಗಿಲ್ಲವೆಂಬಂತೆ ಮಾಡುತ್ತಿದ್ದರು. ಹಾಸನದ ಎಷ್ಟೋ ಬಡಾವಣೆಯ ಮನೆಗಳು ಮೊದಲು ಹುಟ್ಟಿದ್ದು ಅವರ ಕೈಯಲ್ಲಿ. ಈಗ ಅವರಿಗೆ ಉಳಿದದ್ದು ಹಳೆಯ ನಕ್ಷೆಗಳನ್ನು ಸುತ್ತಿ ದಾರ ಕಟ್ಟುವ ಕೆಲಸ. ಅದನ್ನೂ ಗೆರೆ ಎಳೆದಷ್ಟೇ ನೀಟಾಗಿ ಮಾಡುತ್ತಿದ್ದುದು ನೋಡಲು ಕಷ್ಟವಾಗುತ್ತಿತ್ತು.

ಆ ವರ್ಷ, ಅಂದರೆ ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ, ಅರಕಲಗೂಡು ಕಡೆಯ ದೇವರಾಜು ಎಂಬ ದೊಡ್ಡ ಹಿಡುವಳಿದಾರರು ಹಾಸನದಲ್ಲಿ ಮನೆ ಕಟ್ಟಿಸಲು ಬಂದರು. ಜೊತೆಗೆ ಅವರ ತಾಯಿ ದೊಡ್ಡತಾಯಮ್ಮ. ನಾನು ಹೆಮ್ಮೆಯಿಂದ ಬಣ್ಣದ ಪ್ರಿಂಟು ತೆಗೆದು ಹರಡಿದೆ. ಆಕೆ ಅದನ್ನು ತಿರುಗಿಸಿ ಹಿಂಭಾಗ ನೋಡಿದರು. ಅಲ್ಲೂ ಏನೂ ಇರಲಿಲ್ಲ.

"ಈ ಗೀಟು ನೋಡ್ಬುಟ್ಟು ಮನೆ ಎಂಗದೆ ಅಂತ ಯೋಳಕ್ಕಾಯ್ತದಾ ಸಾ? ಕಣ್ಗೆ ಕಾಣಂಗೆ ತೋರ್ಸಿ."

ನಮ್ಮ ಯಜಮಾನರು, ಎಂಜಿನಿಯರ್ ಬಸವರಾಜು, ಬೆಂಗಳೂರಿನಿಂದ ಒಂದು ಮಾಡೆಲ್ ಕಿಟ್ ತರಿಸಿದರು. ಪ್ಲಾಸ್ಟಿಕ್ ಗೋಡೆ, ಪ್ಲಾಸ್ಟಿಕ್ ಚಾವಣಿ, ಕಿಟಕಿಗಳನ್ನೆಲ್ಲ ಬೇರೆ ಬೇರೆ ಪೊಟ್ಟಣದಲ್ಲಿ ಕೊಟ್ಟಿರುತ್ತಾರೆ. ಅಂಟಿಸಿದರೆ ಅಂಗೈ ಮೇಲೆ ಮನೆ. ಮಂಜು ಬೀಳುವ ಯಾವುದೋ ದೇಶದ ಮನೆ ಅದು. ಗೋಡೆಯ ತುಂಬ ಕೆಂಪು ಇಟ್ಟಿಗೆ, ಮೇಲೊಂದು ಹೊಗೆಗೂಡು. ನಮ್ಮ ಪ್ಲಾನಿಗೂ ಅದಕ್ಕೂ ಇದ್ದ ಸಂಬಂಧ ಇಷ್ಟೇ, ಎರಡಕ್ಕೂ ಬಾಗಿಲು ಮುಂದಿತ್ತು. ಚಲುವನಾರಾಯಣರು ಬ್ಲೇಡು ಹಿಡಿದು ಗೋಡೆಗಳನ್ನು ಕೊಯ್ದು, ಸೇರಿಸಿ, ನಮ್ಮ ಪ್ಲಾನಿನಂತೆಯೇ ಕೋಣೆಗಳನ್ನು ಕೂರಿಸಿದರು.

ದೊಡ್ಡತಾಯಮ್ಮ ಬಂದು ನೋಡಿ ಕೇಳಿದ್ದು ಒಂದೇ ಮಾತು. "ಇದ್ಯಾರ ಮನೆ?"

"ನಿಮ್ದೇ ತಾಯಿ" ಎಂದರು ಚಲುವನಾರಾಯಣರು.

"ನಮ್ದು ಅನ್ಬೇಡಿ. ಇಟ್ಗೆ ಗೂಡು ಇದ್ದಂಗದೆ. ಗೋಡೆ ನೋಡುದ್ರೆ ನಮ್ಮನೆ ಅನ್ನುಸ್ಬೇಕು ಐನೋರೆ."

ಅವರು ಹೋದ ಮೇಲೆ ಬಸವರಾಜು ನನ್ನೆದುರಿಗೇ ಹೇಳಿದರು. "ಚಲುವನಾರಾಯಣ್ ಅವ್ರೇ, ಗೋಡೆ ಬದಲಾಯ್ಸಿ. ಆ ಅಮ್ಮ ಒಪ್ಪಿದ್ರೆ ಇನ್ಮುಂದೆ ಮಾಡೆಲ್ ಕೆಲಸ ಎಲ್ಲಾ ನಿಮ್ದೇ. ಒಪ್ಲಿಲ್ಲ ಅಂದ್ರೆ... ನೀವೂ ಎಷ್ಟು ದಿನ ಅಂತ ಬಸ್ಸಲ್ಲಿ ಓಡಾಡ್ತೀರಿ, ಅಲ್ವಾ?"

ಕೆಲಸದಿಂದ ತೆಗೆಯುವುದನ್ನು ಇಷ್ಟು ಕಾಳಜಿಯಿಂದ ಹೇಳಬಹುದೆಂದು ನನಗೆ ಗೊತ್ತಿರಲಿಲ್ಲ. ನಾನು ಮಾನಿಟರ್ ಒರೆಸತೊಡಗಿದೆ.

ಚಲುವನಾರಾಯಣರು ಗೋಡೆಯ ಹಿಂದೆ ಬಿದ್ದರು. ಮೊದಲು ಇಟ್ಟಿಗೆಯ ಮೇಲೆ ಮರಳು ಕಾಗದ ಅಂಟಿಸಿದರು. ಅದು ಬಸ್ ಸ್ಟ್ಯಾಂಡಿನ ಶೌಚಾಲಯದ ಗೋಡೆಯಂತೆ ಕಂಡಿತು. ಆಮೇಲೆ ಅಂಟು ಬಳಿದು ಸಣ್ಣ ರವೆ ಉದುರಿಸಿದರು. ಚೆನ್ನಾಗಿಯೇ ಇತ್ತು, ಆದರೆ ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಇರುವೆಗಳು ಗೃಹಪ್ರವೇಶ ಮಾಡಿದ್ದವು. ಮರದ ಹೊಟ್ಟು ಹಾಕಿದರು. ತೆಗೆದರು. ಕೊನೆಗೆ ಕನ್ನಡಕ ಬಿಚ್ಚಿ ಕಣ್ಣು ಒತ್ತಿಕೊಳ್ಳುತ್ತ, "ಆಕೆ ಕೇಳ್ತಿರೋದು ಮಣ್ಣು ಕಣಪ್ಪ. ಮಣ್ಣಿಗೆ ಮಣ್ಣೇ ಆಗ್ಬೇಕು" ಎಂದರು.

"ನಮ್ಮನೇಲಿ ಬೇಕಾದಷ್ಟಿದೆ ಸಾರ್" ಎಂದೆ. ಆಫೀಸಿಗೆ ನಾನು ಕೊಡಬಲ್ಲ ವಸ್ತು ಕೊನೆಗೂ ಒಂದು ಸಿಕ್ಕಿತ್ತು.

ಕಣದ ಪಕ್ಕದ ಕೆಮ್ಮಣ್ಣನ್ನು ಟಿಫನ್ ಡಬ್ಬಿಗೆ ತುಂಬುತ್ತಿದ್ದಾಗ ಅವ್ವ ರೇವಮ್ಮ ಕೊಟ್ಟಿಗೆಯಿಂದ ಇಣುಕಿದಳು.

"ಅದ್ಯಾಕ್ಲಾ ಮಣ್ಣು?"

"ಮನೆ ಕಟ್ಟಕ್ಕೆ ಕಣವ್ವಾ."

"ಒಂದು ಡಬ್ಬಿ ಮಣ್ಣಲ್ಲಿ ಮನೆಯಾ? ಓದಿದ್ದು ಸಾರ್ಥಕ ಆಯ್ತು ಬುಡು" ಎಂದು, ಮೇಲೆ ಒಂದು ಮುದ್ದೆ ಸೆಗಣಿಯನ್ನೂ ಎಲೆಯಲ್ಲಿ ಕಟ್ಟಿಕೊಟ್ಟಳು. ಸೆಗಣಿ ಬೆರೆಸದ ಮಣ್ಣು ಬಿರುಕು ಬಿಡುತ್ತದಂತೆ.

ಮುಂದಿನದನ್ನು ಅವರು ಮಾಡಿದ ರೀತಿ ನಾನು ಮರೆಯುವುದಿಲ್ಲ. ಪ್ಲಾಸ್ಟಿಕ್ ಗೋಡೆಗೆ ಮಣ್ಣು ನಿಲ್ಲುವುದಿಲ್ಲವೆಂದು ಮೊದಲು ಬ್ಯಾಂಡೇಜ್ ಬಟ್ಟೆ ಅಂಟಿಸಿದರು. ಮಣ್ಣನ್ನು ಚಹಾ ಸೋಸುವ ಜರಡಿಯಲ್ಲಿ ಜರಡಿ ಹಿಡಿದು, ಸೆಗಣಿ ಕಲಸಿ, ಹಳೆಯ ವಿಸಿಟಿಂಗ್ ಕಾರ್ಡಿನಿಂದ ತೆಳ್ಳಗೆ ಸಾರಿಸಿದರು. ಹೊರಜಗುಲಿಯ ಅಂಚಿಗೆ ಸುಣ್ಣದ ಪಟ್ಟಿ ಎಳೆದರು. ಅಂಗೈ ಮೇಲೆ ಅರಕಲಗೂಡು ಸೀಮೆಯ ಒಂದು ಮನೆ ಎದ್ದು ಕೂತಿತು. ಬಸವರಾಜು ಕೂಡ ಬಗ್ಗಿ ನೋಡಿ "ಅಬ್ಬಾ" ಎಂದರು. ಗೌರಿ ಹಬ್ಬಕ್ಕೆ ನಾಲ್ಕು ದಿನ ಆಫೀಸು ಮುಚ್ಚುವ ಮೊದಲು ಚಲುವನಾರಾಯಣರು ಒದ್ದೆ ಬಟ್ಟೆಯೊಂದನ್ನು ಹಿಂಡಿ ಮನೆಯ ಮೇಲೆ ಹೊದಿಸಿದರು. ಬೇಗ ಒಣಗಿದರೆ ಸೀಳು ಬಿಡುತ್ತದೆ, ನಿಧಾನಕ್ಕೆ ಆರಲಿ ಎಂದು. "ಕ್ಯೂರಿಂಗು" ಎಂದು ನಕ್ಕರು. ಎಷ್ಟೋ ದಿನದ ಮೇಲೆ ನಕ್ಕಿದ್ದರು.

ಹಬ್ಬ ಮುಗಿಸಿ ದೇವರಾಜು ಮತ್ತು ದೊಡ್ಡತಾಯಮ್ಮ ನೇರ ಆಫೀಸಿಗೇ ಬಂದರು. ನಾವಿನ್ನೂ ಕಿಟಕಿ ತೆರೆಯುತ್ತಿದ್ದೆವು. ಬಸವರಾಜು ಸಡಗರದಿಂದ, "ನೋಡೀಮ್ಮ, ಈಗ ಯಾರ ಮನೆ ಅಂತ ನೀವೇ ಹೇಳಿ" ಎಂದು ಬಟ್ಟೆ ಎತ್ತಿದರು.

ಗೋಡೆಯ ತುಂಬ ಹಸಿರು ಮೊಳಕೆ ಎದ್ದಿತ್ತು.

ಕಣದ ಮಣ್ಣಿನಲ್ಲಿ ರಾಗಿ ಇರುತ್ತದೆ. ರಾಗಿ ಚಹಾ ಜರಡಿಗೆ ಸಿಕ್ಕಿಬೀಳುವಷ್ಟು ದಪ್ಪವಲ್ಲ. ಇದು ಪೂಜೆಯವರ ಮನೆಯ ಮಗನಿಗೆ ಗೊತ್ತಿಲ್ಲದಿದ್ದರೆ ಸರಿ. ರಾಗಿ ತಿಂದೇ ಬೆಳೆದ ನನಗೆ? ಮಣ್ಣು, ಗೊಬ್ಬರ, ಒದ್ದೆ ಬಟ್ಟೆ, ಶ್ರಾವಣ ಕಳೆದ ತಂಪು. ನಾವು ಮನೆ ಕಟ್ಟಿರಲಿಲ್ಲ, ಬಿತ್ತನೆ ಮಾಡಿದ್ದೆವು.

ಬೇರೆ ಕಡೆ ಇದನ್ನು ನೋಡಿ ನಗುತ್ತಿದ್ದರೇನೋ. ನಮ್ಮ ಸೀಮೆಯಲ್ಲಿ ಒಬ್ಬರ ಮನೆ ಹಾಳಾಗಲಿ ಎಂದು ಶಪಿಸುವಾಗ 'ಎಕ್ಕುಟ್ಟೋಗ' ಎನ್ನುತ್ತಾರೆ. ಜನ ಬಿಟ್ಟುಹೋಗಿ, ಒಳಗೆ ಎಕ್ಕದ ಗಿಡ ಹುಟ್ಟುವಷ್ಟು ಪಾಳು ಬೀಳಲಿ ಎಂದರ್ಥ. ಇನ್ನೂ ಪಾಯ ತೆಗೆಯದ ಮನೆಯ ಗೋಡೆಯಲ್ಲಿ ಗಿಡ ಹುಟ್ಟಿಸಿ, ಹಬ್ಬದ ಮಾರನೆಯ ದಿನ, ಆ ಮನೆಯ ಹಿರಿಯಳಿಗೆ ತೋರಿಸಿದ್ದೆವು.

ದೊಡ್ಡತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ದೇವರಾಜು, "ಏನ್ರೀ ಇದು? ನಮ್ಗೆ ಒಳ್ಳೇದು ಬಯಸ್ತಿದ್ದೀರೋ, ಇಲ್ಲಾ?" ಎಂದರು.

ಗುರುವಿನ ನೆರವಿಗೆ ಚಕ್ರವರ್ತಿ ಧಾವಿಸಿದ. "ಸಾ, ಅವರ ತಪ್ಪಲ್ಲ. ಮಣ್ಣು ನಮ್ಮನೇದು. ಸೆಗಣೀನೂ ನಮ್ದೇ."

"ಕೊಟ್ಗೆ ಸೆಗಣಿ ತಂದು ನಮ್ಮನೆ ಗ್ವಾಡೆಗೆ ಬಳುದ್ಯಾ?" ಎಂದರು ದೇವರಾಜು. ಅವರ ಮನೆಯನ್ನೂ ಸೆಗಣಿಯಿಂದಲೇ ಸಾರಿಸುತ್ತಾರೆ. ಆದರೆ ಅದು ಅವರ ಸೆಗಣಿ.

ಚಲುವನಾರಾಯಣರು ಇಕ್ಕಳ ತೆಗೆದುಕೊಂಡು ಮೊಳಕೆಗಳನ್ನು ಒಂದೊಂದಾಗಿ ಕೀಳತೊಡಗಿದರು. ಪ್ರತಿ ಮೊಳಕೆಯ ಬೇರಿನ ಜೊತೆ ಒಂದು ಹಕ್ಕಳೆ ಮಣ್ಣು ಉದುರಿ, ಒಳಗಿನ ಕೆಂಪು ಇಟ್ಟಿಗೆ ಕಾಣತೊಡಗಿತು. ಅವರು ನಿಲ್ಲಿಸಲಿಲ್ಲ. ತಪ್ಪಿದ ಗೆರೆ ಕೆರೆಯುವವರಂತೆ ಕೀಳುತ್ತಲೇ ಇದ್ದರು. ಕಿವಿ ಕೆಂಪಾಗಿತ್ತು. ನಾಲ್ಕು ಜನ ನಿಂತು ಒಬ್ಬ ಹಿರಿಯ ಮನುಷ್ಯ ಹುಲ್ಲು ಕೀಳುವುದನ್ನು ನೋಡುತ್ತಿದ್ದೆವು.

"ಸಾಕು ಬುಡಿ ಐನೋರೆ" ಎಂದರು ದೊಡ್ಡತಾಯಮ್ಮ ಕೊನೆಗೆ. "ನೋಡಕ್ಕಾಯ್ತಿಲ್ಲ. ಇದುನ್ನ ನೀವೇ ಕೈಯಾರೆ ಅರಿಯೋ ನೀರ್ಗೆ ಬುಟ್ಬನ್ನಿ. ನಿಮ್ದು ಪೂಜೆಯೋರ ಕೈಯಂತಲ್ಲ, ದೋಸ ಓಯ್ತದೆ. ಆಮ್ಯಾಕೆ ಬ್ಯಾರೆ ತೋರ್ಸಿ, ನೋಡನ."

ಬಸವರಾಜು ಒಪ್ಪಿಕೊಂಡುಬಿಟ್ಟರು. ಪೂಜೆಯ ಕೈ ಬೇಡವೆಂದು ಹೊರಟವರಿಗೆ ಕೆಲಸ ಉಳಿಯಬೇಕಾದರೆ ಆ ಕೈಯೇ ಬೇಕಾಯಿತು.

"ನಮ್ಮೂರ ಹೊಳೆ ಬೇಡಪ್ಪ, ಎಲ್ಲಾ ಗುರುತಿನವರು" ಎಂದರು ಚಲುವನಾರಾಯಣರು. ಗೊರೂರಿನ ಬಸ್ಸು ಹತ್ತಿದೆವು. ತೊಡೆಯ ಮೇಲೆ ಮನೆ. "ಗಣಪತೀನಾ ಸಾಮಿ?" ಎಂದು ಕಂಡಕ್ಟರ್ ಕೇಳಿದ. "ಅಲ್ಲಪ್ಪ" ಎಂದರು. "ಮತ್ತೆ?" ಅವರು ಹೆಗಲ ವಸ್ತ್ರ ತೆಗೆದು ಮನೆಯ ಮೇಲೆ ಹೊದಿಸಿದರು. ನಾನು ಟಿಕೆಟ್ ಓದಿದೆ.

ಅಣೆಕಟ್ಟಿನ ಕೆಳಗೆ ಮೀನಿನ ಬಲೆ ತೊಳೆಯುತ್ತಿದ್ದವರು ಬಿಟ್ಟರೆ ಯಾರೂ ಇರಲಿಲ್ಲ. ಚಲುವನಾರಾಯಣರು ಪಂಚೆ ಎತ್ತಿ ಕಟ್ಟಿ, ಮಂಡಿಯುದ್ದ ನೀರಿಗಿಳಿದು, ಬಾಯಲ್ಲಿ ಏನೋ ಹೇಳಿಕೊಂಡು ಮನೆಯನ್ನು ಬಿಟ್ಟರು. ಮಣ್ಣು ಕರಗಿ ನೀರು ಕೆಂಪಾಯಿತು. ಆದರೆ ಒಳಗಿದ್ದದ್ದು ಪ್ಲಾಸ್ಟಿಕ್. ಕೆಂಪು ಇಟ್ಟಿಗೆಯ ಮನೆ ಮೇಲೆದ್ದು, ಬ್ಯಾಂಡೇಜ್ ಬಿಚ್ಚಿಕೊಂಡು, ಗಂಭೀರವಾಗಿ ತೇಲುತ್ತ ಹೊರಟಿತು.

"ಸಾಮೇರೆ, ನಿಮ್ಮನೆ ಒಂಟೋಯ್ತು ಕಣ್ರೋ!" ಎಂದು ಬಲೆಯವನೊಬ್ಬ ಕೂಗಿದ. ಉಳಿದವರು ಬಿದ್ದು ಬಿದ್ದು ನಕ್ಕರು.

ಚಲುವನಾರಾಯಣರು ನೀರಿನಲ್ಲೇ ನಿಂತು ಅದು ಹೋದ ದಿಕ್ಕು ನೋಡಿದರು. ಅವರ ಮುಖ ಬದಲಾಯಿತು. ಗೊರೂರು ದಾಟಿದ ಹೇಮಾವತಿ ಹೋಗುವುದು ಎಲ್ಲಿಗೆಂದು ಜಿಲ್ಲೆಯ ನಕ್ಷೆಯನ್ನೇ ಕೈಯಲ್ಲಿ ಬರೆದಿದ್ದವರಿಗೆ ಈಗ ಹೊಳೆದಿತ್ತು.

"ಇದು ನಮ್ಮೂರಿಗೇ ಹೋಗತ್ತಲ್ಲೋ" ಎಂದರು.

ಅದು ಮುಟ್ಟಿತೋ, ನಡುವೆ ಯಾವ ಜೊಂಡಿಗೆ ಸಿಕ್ಕಿತೋ ತಿಳಿಯದು. ಅವರ ಹೆಂಡತಿ ಗೋದಮ್ಮನವರು ಒಮ್ಮೆ ಫೋನಿನಲ್ಲಿ ಕೇಳಿದರು, "ಏನಪ್ಪಾ, ಇವರು ಸ್ನಾನಕ್ಕೆ ಹೊಳೆಗೆ ಹೋಗೋದನ್ನೇ ಬಿಟ್ಟಿದ್ದಾರಲ್ಲ, ಆಫೀಸಲ್ಲಿ ಏನಾದ್ರೂ ಆಯ್ತಾ?" ಏನೂ ಇಲ್ಲ ಅಮ್ಮ ಎಂದೆ.

ಎರಡನೆಯ ಕಿಟ್ ಬಂತು. ಈ ಸಲ ಬಸವರಾಜು ಬರೀ ಬಿಳಿ ಗೋಡೆಯದನ್ನೇ ತರಿಸಿದ್ದರು. ಚಲುವನಾರಾಯಣರು ಪೆಟ್ಟಿಗೆಯ ಮೇಲೆ ಬರೆದಿದ್ದಂತೆಯೇ ಜೋಡಿಸಿದರು. ಒಂದು ಅಂಚನ್ನೂ ತಿದ್ದಲಿಲ್ಲ. ಕೊಯ್ದು ಪ್ಲಾನಿಗೆ ಹೊಂದಿಸಲೂ ಇಲ್ಲ. ಅಡಿಗೆಮನೆ ಇರಬೇಕಾದ ಕಡೆ ಯಾವುದೋ ಕೋಣೆಯಿತ್ತು.

ದೊಡ್ಡತಾಯಮ್ಮ ಹೆಬ್ಬೆರಳಿನಿಂದ ಗೋಡೆ ಒತ್ತಿ ನೋಡಿದರು. "ನುಣ್ಗೆ ಚಂದಾಗದೆ. ಇದ್ರಲ್ಲಿ ಏನೂ ಉಟ್ಟಕಿಲ್ವಲ್ಲಾ ಐನೋರೆ?"

"ಇಲ್ಲ ತಾಯಿ. ಇದರಲ್ಲಿ ಏನೂ ಹುಟ್ಟಲ್ಲ."

"ಅಂಗಾರೆ ಇದೇ ಇರ್ಲಿ."

ಬಸವರಾಜು ಚಲುವನಾರಾಯಣರ ಬೆನ್ನು ತಟ್ಟಿದರು. ಮಾಡೆಲ್ ವಿಭಾಗ ಇನ್ನು ನಿಮ್ಮದೇ ಎಂದರು. "ಆಗ್ಲಿ ಸಾರ್" ಎಂದು ಅವರು ತಲೆ ತಗ್ಗಿಸಿದರು. ಎಲ್ಲರೂ ಹೋದ ಮೇಲೆ ನಾನು ಏನಾದರೂ ಹೇಳಲೇಬೇಕೆಂದು, "ಒಳ್ಳೇದಾಯ್ತು ಸಾರ್" ಎಂದೆ.

"ಚಕ್ರವರ್ತಿಗಳೇ, ಅದನ್ನ ಆ ಕಡೆ ತಿರುಗಿಸಿಡು" ಎಂದರು ಅವರು, ಬಿಳಿ ಮನೆಯ ಕಡೆ ನೋಡದೆ. "ನನ್ನ ಹೆಸರು ಹೇಳಿ ಯಾರಿಗೂ ತೋರಿಸ್ಬೇಡ."