ಮೂರನೆಯ ಭಾಗದ ಕತ್ತಲೆ

ಮಾವನ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸುಮ್ಮನಿದ್ದುದನ್ನು ನಾನು ಕಂಡದ್ದು ಕಡಿಮೆ. ಎದುರಿಗೆ ಯಾರಾದರೂ ಮಾತನಾಡುತ್ತಿದ್ದರೆ ಆ ಎರಡು ಬೆರಳುಗಳು ಗಾಳಿಯಲ್ಲಿ ಇಲ್ಲದ ಒಂದು ನಾಬ್ ಹಿಡಿದು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸುತ್ತಿದ್ದವು. ಹೇಳುವವರ ಮಾತು ಗೋಜಲಾದರೆ ಬೆರಳು ಚುರುಕಾಗುತ್ತಿತ್ತು, ವಿಷಯ ತಿಳಿದ ಕೂಡಲೇ ನಿಲ್ಲುತ್ತಿತ್ತು. ನನ್ನ ಅಮ್ಮ ತನ್ನ ಈ ಅಣ್ಣನ ಹತ್ತಿರ ಏನಾದರೂ ಕೇಳುವಾಗ ಮುಖ ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದರು.

ಕುಂಬಳೆಯಲ್ಲಿ ರೈಲ್ವೆ ಸ್ಟೇಷನ್ನಿನ ದಾರಿಯ ಒಂದು ಮಾಳಿಗೆಯಲ್ಲಿ ಮಾವನ ಟಿವಿ ರಿಪೇರಿ ಅಂಗಡಿ ಇತ್ತು. ಒಳಗೆ ಹೋದರೆ ಮೊದಲು ಕಾಣುತ್ತಿದ್ದದ್ದು ಟಿವಿ ಅಲ್ಲ, ಸ್ಟೂಲಿನ ಮೇಲೆ ನಿಲ್ಲಿಸಿದ ದೊಡ್ಡ ಕನ್ನಡಿ. ಹಳೆಯ ಟಿವಿಯ ಹೊಟ್ಟೆ ಇರುವುದು ಬೆನ್ನಿನ ಕಡೆ, ಚಿತ್ರ ಬರುವುದು ಮುಂದೆ. ಹಿಂದೆ ಕೂತು ಕೈ ಹಾಕುವವನಿಗೆ ಮುಂದಿನದು ಕಾಣಬೇಕಾದರೆ ಎದುರಿಗೆ ಕನ್ನಡಿ ಇಡಲೇಬೇಕು. ಚಿಕ್ಕವಳಿದ್ದಾಗ ನನಗಿದು ತಿಳಿಯದೆ, ಮಾವನಿಗೆ ತನ್ನ ಮುಖ ನೋಡಿಕೊಳ್ಳುವ ಚಟ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ.

ಗಿರಾಕಿಗಳಿಗೆ ಅವರು ಹೇಳುತ್ತಿದ್ದ ಮಾತು ಒಂದೇ: "ಟಿವಿಗೆ ಎಂತದೂ ಆಗಿಲ್ಲ. ಸ್ವಲ್ಪ ಹೆದರಿದೆ, ಅಷ್ಟೆ. ನಾಡಿದ್ದು ಬನ್ನಿ." ಹೆದರಿದ ಟಿವಿಯ ಮೇಲೆ ನಿಜವಾಗಿಯೂ ಒಂದು ಬೈರಾಸ, ಅಂದರೆ ತಮ್ಮ ಹೆಗಲ ಟವೆಲು, ಹೊದೆಸಿ ಇಡುತ್ತಿದ್ದರು. ಇನ್ನೊಂದು ಅಭ್ಯಾಸ ಇತ್ತು. ಕಪ್ಪು ಬಿಳುಪಿನ ಟಿವಿ ಆರಿಸಿದಾಗ ಚಿತ್ರವೆಲ್ಲ ಕುಗ್ಗಿ ನಡುವಿನಲ್ಲಿ ಒಂದು ಬಿಳಿ ಬೊಟ್ಟಾಗಿ, ಆ ಬೊಟ್ಟು ಸ್ವಲ್ಪ ಹೊತ್ತು ಇದ್ದು ಆರುತ್ತಿತ್ತಲ್ಲ, ಅದು ಪೂರ್ತಿ ಆರುವವರೆಗೆ ಮಾವ ಎದುರಿನಿಂದ ಕದಲುತ್ತಿರಲಿಲ್ಲ. ಅಂಗಡಿಯಲ್ಲಿ ಎಷ್ಟು ಜನ ಕಾಯುತ್ತಿದ್ದರೂ ಅಷ್ಟೇ.

"ಹೋಗಿ ಬರ್ತೇನೆ ಅಂತ ಹೇಳ್ತಾ ಉಂಟು. ನಾವು ಆಚೆ ತಿರುಗಿದರೆ ಅದಕ್ಕೆ ಹೇಗಾಗಬೇಡ?" ಎನ್ನುತ್ತಿದ್ದರು.

ಮಾವ ಇದ್ದದ್ದು ನಮ್ಮ ಜೊತೆಯಲ್ಲೇ, ನಾವು ಮನೆಯಲ್ಲಿ ತುಳು ಆಡುವವರು. ಮಾವ ಕನ್ನಡಕ್ಕೆ ಹೊರಳುತ್ತಿದ್ದದ್ದು ಒಂದು ವಿಷಯಕ್ಕೆ ಮಾತ್ರ. ಅವರ ಯೌವನದಲ್ಲಿ, ಊರಿಗೆ ಟಿವಿ ಬಂದ ಹೊಸತರಲ್ಲಿ, ಮೂರು ಭಾಗಗಳ ಒಂದು ಕನ್ನಡ ನಾಟಕ ಬಂದಿತ್ತಂತೆ. ಕಪ್ಪು ಬಿಳುಪಿನದು, ಒಮ್ಮೆ ಮಾತ್ರ ತೋರಿಸಿದ್ದು. ಕಡಲ ನಡುವಿನ ದೀಪಸ್ತಂಭದಲ್ಲಿ ಒಬ್ಬನೇ ಇರುವ ಕಾವಲುಗಾರ. ಮೊದಲ ಭಾಗದಲ್ಲಿ, ಹಡಗೇ ಇಲ್ಲದ ದಿಕ್ಕಿನಿಂದ ಅವನ ದೀಪಕ್ಕೆ ಇನ್ನೊಂದು ದೀಪ ಉತ್ತರ ಕೊಡುತ್ತದೆ. ಎರಡನೆಯದರಲ್ಲಿ ಅವನಿಗೆ ತಿಳಿಯುತ್ತದೆ, ಆ ಬೆಳಕು ಬರುತ್ತಿರುವುದು ಎಂದೋ ಸತ್ತುಹೋದ ಒಂದು ನಕ್ಷತ್ರದಿಂದ ಎಂದು. ಮೂರನೆಯದರಲ್ಲಿ ಯಾರೋ ಮೆಟ್ಟಿಲು ಹತ್ತಿ ಬರುತ್ತಾರೆ.

"ಕಾವಲುಗಾರ ಒರಗಿದರೆ ದೀಪಸ್ತಂಭದ ಗೋಡೆ ಅಲ್ಲಾಡ್ತದೆ, ಮಾರಾಯ್ತಿ. ರಟ್ಟಿನದ್ದು!" ಎಂದು ಮಾವ ನಗುತ್ತಿದ್ದರು. ನಗು ನಿಂತ ಮೇಲೆ ಸ್ವರ ತಗ್ಗುತ್ತಿತ್ತು. "ಆದರೂ ಈಗಿನವರಿಗೆ ಅಷ್ಟು ಹೆದರಿಸಲಿಕ್ಕೆ ಬರುವುದಿಲ್ಲ. ಬಣ್ಣದಲ್ಲಿ ಎಲ್ಲ ಕಾಣ್ತದೆ. ಇದರಲ್ಲಿ ಎಂತ ಕಾಣುವುದಿಲ್ಲವೋ, ಅದೇ ಬರುವುದು."

ಭಾವ, ಅಂದರೆ ಮಾವನ ಅಕ್ಕನ ಗಂಡ, ಗಲ್ಫಿನಿಂದ ತಂದಿದ್ದ ವಿಸಿಆರ್‌ನಲ್ಲಿ ಮಾವ ಮೂರೂ ಭಾಗಗಳನ್ನು ಒಂದೇ ಕ್ಯಾಸೆಟ್ಟಿಗೆ ಇಳಿಸಿದ್ದರು. ಹೆಸರು ಬರೆದಿಟ್ಟರೆ ನೆರೆಯವರು ಕೇಳಿ ಒಯ್ಯುತ್ತಾರೆಂದು ಮೇಲೆ ಏನೂ ಬರೆಯದೆ, ತಂಗಿಯ ಕಪಾಟಿನಲ್ಲಿ ಸೀರೆಗಳ ಅಡಿ ಬಚ್ಚಿಟ್ಟಿದ್ದರು. ಆ ತಂಗಿ ನನ್ನ ಅಮ್ಮ. ಅಮ್ಮನ ಮದುವೆಯ ಬೆಳಿಗ್ಗೆ ವಿಡಿಯೋದವನಿಗೆ ಒಂದು ಕ್ಯಾಸೆಟ್ ಕಡಿಮೆಯಾಯಿತು. ಮದುವೆಯಾಗಿ ಹತ್ತನೆಯ ದಿನ ಅಪ್ಪ ಗಲ್ಫಿಗೆ ಹೊರಡುವವರು. ವಿಡಿಯೋ ಇಲ್ಲದೆ ಕಳಿಸುವುದುಂಟೇ? ಅಮ್ಮ ಮದುಮಗಳ ಸೀರೆಯಲ್ಲೇ ಓಡಿಹೋಗಿ, ಹೆಸರಿಲ್ಲದ ಆ ಕ್ಯಾಸೆಟ್ಟನ್ನು ಖಾಲಿಯೆಂದುಕೊಂಡು ಕೊಟ್ಟುಬಿಟ್ಟರು.

ಮೊದಲ ಎರಡು ಭಾಗಗಳ ಮೇಲೆ ನನ್ನ ಅಪ್ಪ ಅಮ್ಮನ ಮದುವೆ ಕೂತಿತು. ವಿಷಯ ತಿಳಿದಾಗ ಮಾವ ರೇಗಲಿಲ್ಲವಂತೆ. ಬೆರಳು ಮಾತ್ರ ತುಂಬಾ ಹೊತ್ತು ತಿರುಗಿತ್ತಂತೆ. ನನ್ನನ್ನು ಛೇಡಿಸುವಾಗ ಹೇಳುತ್ತಿದ್ದರು: "ಮೂರನೆಯದು ಉಳಿದದ್ದು ನಮ್ಮ ಬಡಿಸುವವರ ಪುಣ್ಯ. ಊಟ ಇನ್ನೊಂದು ಪಂಕ್ತಿ ಎಳೆದಿದ್ದರೆ ಅದೂ ಗೋವಿಂದ!"

ಹೀಗಾಗಿ ನಮ್ಮ ಮನೆಯ ಮದುವೆ ವಿಡಿಯೋಕ್ಕೆ ಒಂದು ವಿಚಿತ್ರ ಕೊನೆ ಇತ್ತು. ಯಾರೋ ಅಜ್ಜ ಉಂಡೆದ್ದು ಕೈ ತೊಳೆಯುತ್ತಿರುವಾಗ ಥಟ್ಟನೆ ಬಣ್ಣವೆಲ್ಲ ಹೋಗಿ ಕತ್ತಲೆ. ಆ ಕತ್ತಲೆಯಲ್ಲಿ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು. ಮಾವ ಆ ಜಾಗಕ್ಕೆ ಸರಿಯಾಗಿ ನಿಲ್ಲಿಸುತ್ತಿದ್ದರು. ಒಮ್ಮೆ ಅವರಿಲ್ಲದಾಗ ನಾನೇ ಹಾಕಿದೆ. ಹೆಜ್ಜೆಗಳು ಹತ್ತಿರ ಬಂದವು, ಒಂದು ಬಾಗಿಲು ತಾನಾಗಿ ತೆರೆಯಿತು, ಆಚೆ ಬರೀ ಕಪ್ಪು. ಅಂಗಳಕ್ಕೆ ಓಡಿದವಳು ಕತ್ತಲಾಗುವವರೆಗೂ ಒಳಗೆ ಬರಲಿಲ್ಲ. ನನ್ನ ಅಪ್ಪ ಅಮ್ಮನ ಮದುವೆಯ ಅಡಿಯಲ್ಲಿ ಯಾರೋ ಕಾಯುತ್ತಿದ್ದಾರೆ ಎಂಬ ಭಯ ಇವತ್ತಿಗೂ ಪೂರ್ತಿ ಹೋಗಿಲ್ಲ. ಕೆಲಸವೆಂದು ನಾನು ಆರಿಸಿಕೊಂಡದ್ದು ಉಪ್ಪಳದಲ್ಲಿ ಮದುವೆ ವಿಡಿಯೋ ಎಡಿಟಿಂಗ್. ಅದಕ್ಕೂ ಇದಕ್ಕೂ ಸಂಬಂಧ ಉಂಟೋ ಇಲ್ಲವೋ ಹೇಳಲಾರೆ.

ಆ ನಾಟಕದ ಮೂಲ ಟೇಪು ಎಲ್ಲೂ ಇಲ್ಲವೆಂದು ಮಾವ ವಿಚಾರಿಸಿ ತಿಳಿದುಕೊಂಡಿದ್ದರು. ಆಗೆಲ್ಲ ಟೇಪು ದುಬಾರಿ, ಒಂದನ್ನು ಅಳಿಸಿ ಇನ್ನೊಂದನ್ನು ತುಂಬುವುದೇ ರೂಢಿ. ನಮ್ಮದೊಂದೇ ಉಳಿದದ್ದು. ಮಾವ ಅದನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ, ಹುರಿದ ಅಕ್ಕಿಯ ಗಂಟಿನ ಜೊತೆ ಇಟ್ಟು, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅಕ್ಕಿ ಬದಲಿಸುತ್ತಿದ್ದರು. ಆದರೂ ನಮ್ಮ ಕಡಲ ಗಾಳಿ ಬಿಟ್ಟೀತೇ? ಬೂಷ್ಟು ಹಿಡಿಯಿತು. ಬೂಷ್ಟು ಹಿಡಿದ ಟೇಪು ಓಡುವಾಗ ಕಪ್ಪು ಪುಡಿ ಉದುರುತ್ತದೆ. ಉದುರಿದಷ್ಟೂ ಚಿತ್ರ ಹೋದಂತೆ. ಹಾಗಾಗಿ ಮೂರನೆಯ ಭಾಗವನ್ನು ಮಾವ ಎಷ್ಟೋ ವರ್ಷ ನೋಡಿಯೇ ಇರಲಿಲ್ಲ.

ಎರಡು ವರ್ಷದ ಕೆಳಗೆ ಅವರ ಕಣ್ಣಿಗೆ ಕಾಯಿಲೆ ಬಂತು. ಕಣ್ಣೊಳಗೆ ಒತ್ತಡ ಹೆಚ್ಚಿ, ಅಂಚಿನಿಂದ ದೃಷ್ಟಿ ಕಪ್ಪಾಗುತ್ತಾ ಒಳಗೆ ಬರುವುದು. ಹೋದದ್ದು ಮರಳಿ ಬರುವುದಿಲ್ಲ ಎಂದರು ಮಂಗಳೂರಿನ ಡಾಕ್ಟರು. ಬಸ್ಸಿನಲ್ಲಿ ವಾಪಸು ಬರುವಾಗ ಮಾವ ಕಿಟಕಿಯ ಕಡೆ ನೋಡುತ್ತಾ ಹೇಳಿದರು:

"ನನ್ನದೂ ಟಿವಿ ಆರಿಸಿದ ಹಾಗೆ ಆಯ್ತಲ್ಲ, ಮಗಳೇ. ಬೊಟ್ಟು ಆಗ್ತಾ ಬಂತು. ಅದು ಆರುವ ಮೊದಲು ಮೂರನೆಯ ಭಾಗ ಒಮ್ಮೆ ನೋಡಬೇಕು."

"ನೋಡುವ ಮಾವ. ಅದಕ್ಕೆಂತ?" ಎಂದೆ, ಅಂಗಡಿಯಿಂದ ಸಕ್ಕರೆ ತರುವಷ್ಟು ಸುಲಭದಲ್ಲಿ.

ವಿಸಿಆರನ್ನು ಕಂಪ್ಯೂಟರಿಗೆ ನೇರ ಜೋಡಿಸಿ, ಮೊದಲು ಮದುವೆಯ ಒಂದು ತುಂಡು ಓಡಿಸಿ ನೋಡಿದೆವು. ಚಿತ್ರ ಒಂಚೂರು ಅಲುಗಿದರೆ ಸಾಕು, ಕಂಪ್ಯೂಟರು ನೀಲಿ ಪರದೆ ತೋರಿಸಿ ಕೂರುತ್ತಿತ್ತು. "ಇದಕ್ಕೆ ತಾಳ್ಮೆ ಇಲ್ಲ," ಎಂದರು ಮಾವ. "ಹಳೆ ಟಿವಿ ಹಾಗಲ್ಲ. ಬಿದ್ದವನನ್ನೂ ಕೈ ಹಿಡಿದು ಎಬ್ಬಿಸ್ತದೆ." ಕೊನೆಗೆ ಅವರೇ ದಾರಿ ಹೇಳಿದರು. ಟೇಪು ಹಳೆಯ ಕಪ್ಪು ಬಿಳುಪಿನ ಟಿವಿಯಲ್ಲಿ ಓಡಬೇಕು. ಚಿತ್ರ ಉರುಳದಂತೆ ಅವರು ಹಿಂದೆ ಕೂತು ನಾಬ್ ಹಿಡಿಯಬೇಕು. ನಾನು ಎದುರಿನಿಂದ ಪರದೆಯನ್ನೇ ಕ್ಯಾಮೆರಾದಲ್ಲಿ ಹಿಡಿಯಬೇಕು. ಟೇಪು ತಾಳುವುದು ಒಂದೇ ಸಲ.

ಅದಕ್ಕೆ ಅವರು ಆರಿಸಿದ್ದು ಹರತಾಳದ ದಿನ. ಅವರ ನಾಜೂಕಿನ ಕೆಲಸವೆಲ್ಲ ಹರತಾಳಕ್ಕೆ ಕಾದಿರುತ್ತಿತ್ತು. ಹೆದ್ದಾರಿ ಅಗಲ ಮಾಡುವ ಯಂತ್ರಗಳು ನಿಂತಿರುತ್ತವೆ, ಲಾರಿ ಬಸ್ಸಿಗೆ ಮಾಳಿಗೆ ಅದುರುವುದಿಲ್ಲ, ಅಂಗಡಿಗಳೆಲ್ಲ ಮುಚ್ಚಿ ಕರೆಂಟೂ ಏರಿಳಿಯುವುದಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಶಟರ್ ಎಳೆದು ಕತ್ತಲು ಮಾಡಿದೆವು. ಮಾವ ಟಿವಿಯ ಹಿಂದೆ ಒಂದು ಸಣ್ಣ ಬಲ್ಬು ಇಳಿಬಿಟ್ಟು ಕೂತರು. ಎದುರಿಗೆ ಕನ್ನಡಿ, ಅದರ ಪಕ್ಕ ನನ್ನ ಕ್ಯಾಮೆರಾ. ವಿಸಿಆರ್‌ನಿಂದ ವೈರಿನಲ್ಲಿ ನೇರ ಕ್ಯಾಮೆರಾಕ್ಕೆ ಕೊಟ್ಟ ಧ್ವನಿ ಸರಿ ಬರುತ್ತದೆಯೇ ನೋಡಲು ನಾನು ಹೆಡ್‌ಫೋನ್ ಹಾಕಿಕೊಂಡಿದ್ದೆ. ಅಜ್ಜ ಕೈ ತೊಳೆದರು, ಕತ್ತಲೆ ಬಂತು, ಹೆಜ್ಜೆಗಳು ಹತ್ತಿದವು. ಫೋಕಸ್ಸಿನ ಮೇಲೆ ಕಣ್ಣು ನೆಟ್ಟಿದ್ದ ನಾನು ನಾಟಕ ನೋಡಲೇ ಇಲ್ಲ.

ಮುಗಿದ ಮೇಲೆ ವಿಸಿಆರ್‌ನೊಳಗೆ ಕಾಡಿಗೆಯಂಥ ಪುಡಿ. ಟೇಪಿನ ಕಥೆ ಮುಗಿದಿತ್ತು.

"ಸಿಕ್ಕಿತಾ?" ಎಂದರು ಮಾವ.

"ಸಿಕ್ಕಿತು. ನಿಮಗೆ ಕಂಡಿತಾ?"

"ಕನ್ನಡಿಯಲ್ಲಿ ಕಂಡದ್ದು. ಅರ್ಧ ಗಮನ ನಾಬಿನ ಮೇಲೆ. ಎಡದ ಬಾಗಿಲು ಬಲಕ್ಕೆ ಬಂದು, ಅತಿಥಿ ಬೇರೆ ಯಾರದೋ ಮನೆಗೆ ಹೋದ ಹಾಗಾಯ್ತು. ನೀನು ಚಂದ ಮಾಡಿ ಕೊಡು, ಎದುರಿಗೆ ಕೂತು ನೋಡುವ."

ಚಂದ ಮಾಡುವುದರಲ್ಲಿ ನಾನು ಎತ್ತಿದ ಕೈ. ಮದುಮಕ್ಕಳ ಮುಖದ ಮೊಡವೆ ತೆಗೆದು ತೆಗೆದು ಪಳಗಿದವಳು. ಪರದೆಯ ತುಂಬ ಇರುವೆಯ ಹಾಗೆ ಹರಿದಾಡುತ್ತಿದ್ದ ಬಿಳಿ ಚುಕ್ಕೆಗಳನ್ನು ಸಾಫ್ಟ್‌ವೇರಿಗೆ ಒಪ್ಪಿಸಿದೆ. ಅದು ಒಂದೂ ಬಿಡದೆ ಗುಡಿಸಿತು. ಒಂದು ಭಾನುವಾರ ಮಧ್ಯಾಹ್ನ ಮನೆಯ ದೊಡ್ಡ ಟಿವಿಯಲ್ಲಿ ಹಾಕಿದೆ. ಮಾವ ತಮ್ಮ ಬೆತ್ತದ ಕುರ್ಚಿಯನ್ನು ಪರದೆಗೆ ತಾಗುವಷ್ಟು ಹತ್ತಿರ ಎಳೆದುಕೊಂಡು ಕೂತರು. ಬಾಗಿಲು ತೆರೆಯಿತು. ಆಚೆ ಶುದ್ಧವಾದ ಕಪ್ಪು. ಕಾವಲುಗಾರ ಆ ಕಪ್ಪಿಗೆ ಕೈ ಮುಗಿದ, ಖಾಲಿ ಕುರ್ಚಿ ತೋರಿಸಿದ. ಕುರ್ಚಿ ಕಿರುಗುಟ್ಟಿತು.

ಮಾವನ ಬೆರಳು ನಿಂತಿತ್ತು. "ಬಾಗಿಲು ತೆರೆಯಿತು," ಎಂದರು ಮೆಲ್ಲಗೆ. "ಯಾರೂ ಬರಲಿಲ್ಲವಲ್ಲ, ಮಗಳೇ?"

"ಯಾರು ಬರಬೇಕಿತ್ತು ಮಾವ?"

"ಆ ಚುಕ್ಕೆಗಳೇ ಅವನು. ವೇಷಕ್ಕೆ ಅವರ ಹತ್ತಿರ ದುಡ್ಡಿರಲಿಲ್ಲ. ಸ್ಟೇಷನ್ ಸಿಕ್ಕದ ಟಿವಿಯಲ್ಲಿ ಬರ್ತದಲ್ಲ, ಆ ಬಿಳಿ ಹುಡಿಯನ್ನೇ ಬಾಗಿಲಲ್ಲಿ ನಿಲ್ಲಿಸಿದ್ದರು. ಆಳಿನಷ್ಟು ಎತ್ತರಕ್ಕೆ, ಉಸಿರಾಡಿದ ಹಾಗೆ." ನಕ್ಕರು. "ಅಷ್ಟು ದೂರದಿಂದ ಬಂದವನನ್ನು ನೀನು ಗುಡಿಸಿ ಹಾಕಿದ್ದಿ, ಮಾರಾಯ್ತಿ."

ಕ್ಯಾಮೆರಾದಲ್ಲಿ ಹಿಡಿದದ್ದು ಹಾಗೆಯೇ ಇತ್ತು. ಕೈಯಿಂದಲೇ, ಚಿತ್ರದ ಒಂದೊಂದು ಚೌಕಟ್ಟನ್ನೂ ನಿಲ್ಲಿಸಿ ನೋಡಿ, ಬೂಷ್ಟಿನ ಕಲೆ ಯಾವುದು, ಅತಿಥಿ ಯಾವುದು ಎಂದು ಬೇರೆ ಮಾಡಬೇಕಿತ್ತು. ತಿಂಗಳುಗಟ್ಟಲೆಯ ಕೆಲಸ. ಆಗ ಮದುವೆಯ ಸೀಸನ್. "ಇದೊಂದು ಸೀಸನ್ ಮುಗಿಯಲಿ ಮಾವ," ಎಂದೆ. "ಆಯ್ತು, ಅವನೆಲ್ಲಿ ಓಡಿಹೋಗ್ತಾನೆ?" ಎಂದರು. ಸೀಸನ್ ಮುಗಿದು ಮನೆಗೆ ಹೋದ ದಿನ, ಮಾವ ನನ್ನ ಸ್ವರ ಬಂದ ಕಡೆಗೆ ಮುಖ ತಿರುಗಿಸಿದರು, ನನ್ನ ಕಡೆಗಲ್ಲ. ಬೊಟ್ಟು ಆರಿತ್ತು. ಅದಾಗಿ ಮೂರು ತಿಂಗಳಿಗೆ, ಬೆಳಗಿನ ಚಾ ಕುಡಿದು ಅದೇ ಬೆತ್ತದ ಕುರ್ಚಿಯಲ್ಲಿ ಕೂತವರು ಕೂತಲ್ಲೇ ಹೋದರು. ಅಮ್ಮ ಹೋಗಿ ನೋಡುವಾಗ ಎರಡು ಬೆರಳುಗಳು ಒಂದಕ್ಕೊಂದು ತಾಗಿಕೊಂಡೇ ಇದ್ದುವಂತೆ.

ಯಾರದೋ ಮದುಮಗಳ ಮೊಡವೆಗಾಗಿ ಮಾವನನ್ನು ಕಾಯಿಸಿದೆ. ಈ ನಾಚಿಕೆ ನನ್ನನ್ನು ಬಿಡುವುದಿಲ್ಲ.

ಆಮೇಲೆ ಕೆಲಸಕ್ಕೆ ಕೂತೆ. ನೋಡಬೇಕಾದವರೇ ಇರಲಿಲ್ಲ. ಬಾಗಿಲಿನ ದೃಶ್ಯಕ್ಕೆ ಬಂದಾಗ ಚುಕ್ಕೆಗಳು ಚೆನ್ನಾಗಿ ಕಾಣಲೆಂದು ಬೆಳಕು ಏರಿಸಿದೆ. ಸಾಫ್ಟ್‌ವೇರು ಬಾಗಿಲಿನ ಕಪ್ಪಿನಲ್ಲಿ ಒಂದು ಜಾಗಕ್ಕೆ ಕೆಂಪು ಚೌಕ ಎಳೆದು, ಇಲ್ಲೊಂದು ದೋಷವಿದೆ, ತೆಗೆಯಲೇ ಎಂದು ಕೇಳಿತು. ಇನ್ನಷ್ಟು ಬೆಳಕು ಏರಿಸಿದೆ. ಕತ್ತಲೆಯ ಒಳಗಿನಿಂದ ಒಂದು ಮುಖ ನೇರ ನನ್ನನ್ನು ನೋಡುತ್ತಿತ್ತು.

ಹಗಲು ಹನ್ನೊಂದು ಗಂಟೆ, ಹೊರಗೆ ಉಪ್ಪಳದ ಪೇಟೆಯ ಗದ್ದಲ. ಆದರೂ ಚಿಕ್ಕಂದಿನಲ್ಲಿ ಅಂಗಳಕ್ಕೆ ಓಡಿದ ಹಾಗೆ ಓಡಲು ಎದ್ದೂ ಎದ್ದೆ. ಮತ್ತೆ ಗೊತ್ತಾಯಿತು. ಆ ಕನ್ನಡಿ. ಸಣ್ಣ ಬಲ್ಬಿನ ಬೆಳಕಿನಲ್ಲಿ ಟಿವಿಯ ಹಿಂದೆ ಕೂತ ಮಾವನ ಮುಖ ಎದುರಿನ ಕನ್ನಡಿಯಲ್ಲಿ ಬಿದ್ದು, ಕನ್ನಡಿಯದು ಪರದೆಯ ಗಾಜಿನಲ್ಲಿ ಬಿದ್ದು, ಚಿತ್ರ ಕಪ್ಪಾದಾಗಲೆಲ್ಲ ನನ್ನ ಕ್ಯಾಮೆರಾಕ್ಕೆ ಸಿಕ್ಕಿತ್ತು. ಬೆಳಕು ಬಂದಾಗ ಮಾಯ, ಕತ್ತಲಾದಾಗ ಪುನಃ ಹಾಜರು. ಬಿಳಿ ಚುಕ್ಕೆಗಳು ಆ ಮುಖದ ಮೇಲೆಯೇ ಉಸಿರಾಡುತ್ತಿದ್ದವು.

ತುಟಿ ಅಲುಗುತ್ತಿತ್ತು. ಓಡಿಸಿ ನಿಲ್ಲಿಸಿ, ಓಡಿಸಿ ನಿಲ್ಲಿಸಿ ನೋಡಿದೆ. ಕಾವಲುಗಾರನ ಮಾತನ್ನು, ಒಂದಕ್ಷರ ತಪ್ಪದೆ, ಅವನ ಜೊತೆಜೊತೆಗೇ ಮಾವ ಹೇಳುತ್ತಿದ್ದರು: "ಬಂದಿರಾ? ಬಹಳ ದೂರದಿಂದ ಬಂದಿರಿ. ಕುಳಿತುಕೊಳ್ಳಿ."

ತೆಗೆಯಬೇಡ ಎಂದು ಒತ್ತಿದೆ. ಸಾಫ್ಟ್‌ವೇರು ಪ್ರತಿ ಚೌಕಟ್ಟಿಗೂ ಕೇಳಿತು. ಪ್ರತಿ ಸಲವೂ ಬೇಡ ಎಂದೆ.

ಕೆಲಸ ಮುಗಿದ ದಿನ ಅಮ್ಮನಿಗೆ ತೋರಿಸಿದೆ, ಬಾಗಿಲು ಮುಚ್ಚಿ, ಅದೇ ದೊಡ್ಡ ಟಿವಿಯಲ್ಲಿ. ಮುಖದ ವಿಷಯ ಮೊದಲೇ ಹೇಳಿರಲಿಲ್ಲ. ಅಮ್ಮ ಮಾವನ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಹೆಜ್ಜೆಗಳು ಹತ್ತಿದವು, ಬಾಗಿಲು ತೆರೆಯಿತು, ಚುಕ್ಕೆಗಳು ಬಂದು ನಿಂತವು. ಅಮ್ಮ ಮುಂದಕ್ಕೆ ಬಾಗಿದರು.

"ಅಣ್ಣ ಅಲ್ವಾ ಅದು?"

ನಾನು ಉತ್ತರ ಕೊಡುವ ಮೊದಲೇ ಪರದೆಯಲ್ಲಿ ಆ ಮಾತು ಬಂತು, ಕುಳಿತುಕೊಳ್ಳಿ ಎಂದು. ಅಮ್ಮ ಸೆರಗು ಸರಿಪಡಿಸಿಕೊಂಡು ಎದ್ದು, ಕುರ್ಚಿ ಬಿಟ್ಟು ಗೋಡೆಯ ಬದಿಗೆ ಬಂದು ನನ್ನ ಪಕ್ಕ ನಿಂತರು. ನಾವು ಯಾರೂ ಮುಟ್ಟಿರಲಿಲ್ಲ. ಕುರ್ಚಿ ಕಿರುಗುಟ್ಟಿತು. ನಾಟಕದ್ದೋ ನಮ್ಮದೋ ಎಂದು ನಾನು ತಿರುಗಿ ನೋಡಲಿಲ್ಲ.

ಮುಗಿದ ಮೇಲೆ ರಿಮೋಟಿನಲ್ಲಿ ಆರಿಸಿದೆ. ಈಗಿನ ಟಿವಿಯಲ್ಲಿ ಬೊಟ್ಟು ಇರುವುದಿಲ್ಲ, ಒಮ್ಮೆಲೇ ಕಪ್ಪು. ಆದರೂ ಒಂದು ಬೊಟ್ಟು ಆರುವಷ್ಟು ಹೊತ್ತು ನಾವಿಬ್ಬರೂ ಆ ಕಡೆಗೆ ಮುಖ ಮಾಡಿ ನಿಂತೇ ಇದ್ದೆವು.